ಉತ್ಸವದ ಶುಲ್ಕ: ಕಲಾಸಂಘಗಳ ಹಕ್ಕೂ ಪುರಸಭೆಯ ಧರ್ಮವೂ

(ಊರಿನ ಕಲಾಸಂಘದವರು ಕರೆದ ನಾಗರಿಕರ ಸಭೆಯಲ್ಲಿ ಸಂಘದ ಪರವಾಗಿ ಮಾಡಿದ ಭಾಷಣ)



ನಾಡಹಬ್ಬವು ಹತ್ತಿರ ಬಂದಿರುವಾಗ ಕಲಾಸಂಘದವರು ಊರವರನ್ನು ಕೂಡಿಸಿದರೆಂದರೆ, ನಾಟಕದ ಮಾತನ್ನೋ ಸಂಗೀತದ ಮಾತನ್ನೋ ಆಡುವರೆಂದು ತಾವು ಎಣಿಸುವದು ಸಹಜವು. ಆದರೆ ಇಂದಿನದು ಲೆಕ್ಕದ ಸಭೆಯು. ನಮ್ಮ ಪುರಸಭೆಗೂ ನಮ್ಮ ಸಂಘಕ್ಕೂ ಉತ್ಸವದ ಶುಲ್ಕದ ವಿಷಯವಾಗಿ ಎದ್ದಿರುವ ತಕರಾರನ್ನು ತಮ್ಮ ಮುಂದಿಟ್ಟು, ಅದರಲ್ಲಿ ನ್ಯಾಯವೆಷ್ಟು, ಅನ್ಯಾಯವೆಷ್ಟು, ಮುಂದೆ ಮಾಡತಕ್ಕದ್ದೇನು ಎಂಬದನ್ನು ಬಿಚ್ಚಿ ಹೇಳುವದಕ್ಕಾಗಿ ನಾವು ನಿಂತಿದ್ದೇವೆ. ಊರೂರಿನ ಸಂಘಗಳವರು ಕೂಡಿದಲ್ಲೆಲ್ಲ ಇದೇ ಮಾತು ಬರುತ್ತಿರುವದರಿಂದ, ನಮ್ಮೊಂದು ಊರಿನ ಜಗಳವೆಂದು ಇದನ್ನು ಯಾರೂ ಭಾವಿಸಬಾರದೆಂದು ಮೊದಲಿಗೇ ವಿನಂತಿಸುತ್ತೇವೆ.

ಸಂಗತಿಯು ಇಷ್ಟು. ನಮ್ಮ ನಾಡಹಬ್ಬವು ಒಂಬತ್ತು ದಿನದ್ದು. ಪ್ರವೇಶಕ್ಕೆ ಟಿಕೇಟಿಲ್ಲ. ಮನೆಮನೆಗೆ ತಿರುಗಿ ಎತ್ತಿದ ಚಂದಾ ಹಣದಿಂದ ಹಂದರ, ದೀಪ, ಕಲಾವಿದರ ಸಂಭಾವನೆ ಎಲ್ಲವೂ ನಡೆಯಬೇಕು. ಉಳಿದದ್ದು ಏನಾದರೂ ಇದ್ದರೆ ಮುಂದಿನ ವರ್ಷದ ಪರದೆಗೆ ಆಗಬೇಕು. ಇದುವರೆಗೆ ಪುರಸಭೆಯವರು ಮೈದಾನದ ಬಾಡಿಗೆಯೆಂದು ಒಂದು ಸಣ್ಣ ಮೊತ್ತವನ್ನು ತೆಗೆದುಕೊಂಡು ಪಾವತಿಯನ್ನು ಕೊಡುತ್ತಿದ್ದರು. ಈ ಸಾರೆ ಬಂದ ನೋಟೀಸಿನಲ್ಲಿ ಬಾಡಿಗೆ, ಪರವಾನಿಗೆಯ ಶುಲ್ಕ, ಸ್ವಚ್ಛತೆಯ ವೆಚ್ಚ, ಠೇವಣಿ ಎಂದು ನಾಲ್ಕು ಬಾಬುಗಳನ್ನು ಹೆಸರಿಸಿ, ಕೊನೆಗೆ ಒಂದೇ ಮೊತ್ತವನ್ನು ಬರೆದಿದ್ದಾರೆ. ಯಾವ ಬಾಬಿಗೆ ಎಷ್ಟು ಎಂಬದಿಲ್ಲ. ಯಾವ ಠರಾವಿನ ಆಧಾರದಿಂದ ಎಂಬದೂ ಇಲ್ಲ. ಠೇವಣಿಯು ಎಂದು ಮರಳುವದು, ಏನೇನು ಕಳೆದು ಮರಳುವದು ಎಂಬದಂತೂ ಇಲ್ಲವೇ ಇಲ್ಲ. ಹಣವು ಹಬ್ಬದ ಮೊದಲೇ ಸಂದಾಯವಾಗದಿದ್ದರೆ ಮೈದಾನವು ಸಿಕ್ಕದೆಂಬ ಮಾತು ಮಾತ್ರ ಸ್ಪಷ್ಟವಾಗಿದೆ. ವಿವರವನ್ನು ಕೇಳಲು ಹೋದ ನಮ್ಮ ಕಾರ್ಯದರ್ಶಿಗಳಿಗೆ ದೊರೆತ ಉತ್ತರವು, 'ಎಲ್ಲ ಊರುಗಳಲ್ಲೂ ಹೀಗೆಯೇ' ಎಂಬಷ್ಟೇ. ಕೊಟ್ಟವನು ಕೋಡಂಗಿ, ಇಸಗೊಂಡವನು ವೀರಭದ್ರ ಎಂಬ ಗಾದೆಯನ್ನು ನಾವು ಆಡಬಾರದೆಂದರೂ ಅದು ತಾನಾಗಿಯೇ ನಾಲಿಗೆಗೆ ಬರುತ್ತದೆ.

ಆದರೆ ನ್ಯಾಯವನ್ನು ಬೇಡುವವರು ಎದುರಾಳಿಯ ಮಾತನ್ನು ಮೊದಲು ಆಡಿ ತೋರಿಸಬೇಕು. ಪುರಸಭೆಯ ಪಕ್ಷದಲ್ಲಿ ಹುರುಳಿಲ್ಲವೆಂದು ನಾವು ಎಂದೂ ಹೇಳಲಾರೆವು. ಒಂಬತ್ತು ರಾತ್ರಿ ಸಾವಿರಾರು ಜನ ಕೂಡಿ ಎದ್ದುಹೋದ ಮೈದಾನವನ್ನು ಬೆಳಗಾಗುವದರೊಳಗೆ ಗುಡಿಸುವವರು ಪುರಸಭೆಯ ಪೌರಕಾರ್ಮಿಕರು. ಅವರ ಹೆಚ್ಚಿನ ದುಡಿಮೆಗೆ ಹೆಚ್ಚಿನ ಕೂಲಿ ಸಲ್ಲಬೇಕು. ನೀರಿನ ಟಾಕಿ, ತಾತ್ಪೂರ್ತಿಕ ಶೌಚಾಲಯ, ಬೀದಿಯ ದೀಪ ಇವೆಲ್ಲ ಹಣದ ಕೆಲಸಗಳೇ. ಸಣ್ಣ ಊರುಗಳ ಪುರಸಭೆಗಳ ಬೊಕ್ಕಸವು ಎಷ್ಟು ಬಡವಾದದ್ದೆಂಬದನ್ನು ಇಲ್ಲಿ ಕುಳಿತ ಶಿಕ್ಷಕರು ತಮ್ಮ ಶಾಲೆಗಳ ಮುಂದಿನ ಗಟಾರವನ್ನು ನೋಡಿಯೇ ತಿಳಿದಿದ್ದಾರೆ. ಆದುದರಿಂದ ಒಂದು ಕಾಸನ್ನೂ ಕೊಡಲಾರೆವೆಂಬ ಹಟವು ನಮ್ಮದಲ್ಲ. ನಮಗಾಗಿ ಆದ ವೆಚ್ಚವನ್ನು ಕೊಡುವದು ನಮ್ಮ ಧರ್ಮವು. ಎಷ್ಟು ಆಯಿತೆಂದು ಕೇಳುವದು ನಮ್ಮ ಹಕ್ಕು. ತಕರಾರಿನ ತಿರುಳೆಲ್ಲ ಈ ಎರಡು ಮಾತುಗಳಲ್ಲಿದೆ.

ಈಗ, ಶುಲ್ಕವೆಂದರೇನು, ಕರವೆಂದರೇನು ಎಂಬದನ್ನು ನೋಡಬೇಕು. ಎರಡೂ ಜೇಬಿನಿಂದಲೇ ಹೋಗುವವಾದ್ದರಿಂದ ಎರಡೂ ಒಂದೇ ಎಂದು ಸಾಮಾನ್ಯರು ತಿಳಿಯುವರು. ಕಾಯದೆಯಲ್ಲಿ ಇವೆರಡಕ್ಕೂ ಭೂಮ್ಯಾಕಾಶದ ಅಂತರವುಂಟು. ಆ ಅಂತರವನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು ವಿವರಿಸಿದ್ದು ಕನ್ನಡ ನೆಲದ ಒಂದು ಮೊಕದ್ದಮೆಯಲ್ಲಿ ಎಂಬ ಸಂಗತಿಯು ನಮ್ಮವರಲ್ಲಿ ಅನೇಕರಿಗೆ ತಿಳಿದಿಲ್ಲ.

ಉಡುಪಿಯ ಅಷ್ಟಮಠಗಳಲ್ಲಿ ಶಿರೂರು ಮಠವು ಒಂದು. ಶ್ರೀಕೃಷ್ಣನ ಪೂಜೆಯ ಅಧಿಕಾರವು ಎರಡು ವರ್ಷಕ್ಕೊಮ್ಮೆ ಒಂದೊಂದು ಮಠಕ್ಕೆ ಸರದಿಯಿಂದ ಬರುವ ಪರ್ಯಾಯದ ಪದ್ಧತಿಯನ್ನು ತಾವೆಲ್ಲ ಬಲ್ಲಿರಿ. ಪರ್ಯಾಯವೆಂದರೆ ಉತ್ಸವವು, ಅನ್ನದಾನವು. ಅದರ ವೆಚ್ಚದಿಂದ ಮಠಕ್ಕೆ ಸಾಲವಾಗಿತ್ತು. ದಕ್ಷಿಣ ಕನ್ನಡವು ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದಿತು. ಮದ್ರಾಸ್ ಸರಕಾರವು ೧೯೫೧ರಲ್ಲಿ ಮಾಡಿದ ಧಾರ್ಮಿಕ ದತ್ತಿಗಳ ಕಾಯದೆಯಲ್ಲಿ, ಮಠ-ದೇವಸ್ಥಾನಗಳು ತಮ್ಮ ಆದಾಯದಲ್ಲಿ ನೂರಕ್ಕೆ ಐದರ ವರೆಗೆ ಸರಕಾರಕ್ಕೆ ವಂತಿಗೆ ಕೊಡತಕ್ಕದ್ದೆಂದು ಒಂದು ಕಲಮು ಇದ್ದಿತು. ಇದು ನಾವು ಮಾಡುವ ಮೇಲ್ವಿಚಾರಣೆಯ ಶುಲ್ಕವು ಎಂದು ಸರಕಾರದ ವಾದವು. ಮಠಾಧಿಪತಿಗಳು ಈ ಕಾಯದೆಯನ್ನು ನ್ಯಾಯಾಲಯದಲ್ಲಿ ಎದುರಿಸಿದರು. ೧೯೫೪ನೆಯ ಮಾರ್ಚಿಯಲ್ಲಿ ಏಳು ಜನ ನ್ಯಾಯಮೂರ್ತಿಗಳ ಪೀಠದ ಪರವಾಗಿ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು ಬರೆದ ತೀರ್ಪು ಇಂದಿಗೂ ಕಾಯದೆಯ ವಿದ್ಯಾರ್ಥಿಗಳ ಮೊದಲ ಪಾಠವಾಗಿದೆ.

ಆ ತೀರ್ಪಿನ ತಾತ್ಪರ್ಯವನ್ನು ನಮ್ಮ ಮಾತಿನಲ್ಲಿ ಹೇಳುವದಾದರೆ ಹೀಗೆ: ಕರವು ಎಲ್ಲರ ಹಿತಕ್ಕಾಗಿ ಎಲ್ಲರ ಮೇಲೆ ಬೀಳುವ ಭಾರವು. ಅದನ್ನು ಕೊಟ್ಟವನು ನನಗೇನು ಮಾಡಿದಿರೆಂದು ಕೇಳುವಂತಿಲ್ಲ. ಶುಲ್ಕವಾದರೋ ಒಬ್ಬನಿಗೆ ಮಾಡಿದ ವಿಶೇಷ ಸೇವೆಗಾಗಿ ಅವನಿಂದ ತೆಗೆದುಕೊಳ್ಳುವ ಪ್ರತಿಫಲವು. ಆ ಹಣವು ಆ ಸೇವೆಯ ವೆಚ್ಚಕ್ಕೆ ಹೊಂದಿಕೊಂಡಿರಬೇಕು. ಆ ಕೆಲಸಕ್ಕಾಗಿಯೇ ಮೀಸಲಾಗಿರಬೇಕು. ಮದ್ರಾಸ್ ಸರಕಾರವು ವಂತಿಗೆಯನ್ನು ತನ್ನ ಒಟ್ಟು ಬೊಕ್ಕಸಕ್ಕೆ ಸೇರಿಸಿಕೊಳ್ಳುತ್ತಿದ್ದಿತು. ಮಾಡಿದ ವೆಚ್ಚಕ್ಕೂ ಎತ್ತಿದ ಹಣಕ್ಕೂ ಸಂಬಂಧವನ್ನು ತೋರಿಸಲಿಲ್ಲ. ಆದುದರಿಂದ ಹೆಸರು ಶುಲ್ಕವಾದರೂ ಗುಣವು ಕರದ್ದೆಂದೂ, ಅಂಥ ಕರವನ್ನು ಹಾಕುವ ಅಧಿಕಾರವು ಆ ಸರಕಾರಕ್ಕಿಲ್ಲವೆಂದೂ ನ್ಯಾಯಾಲಯವು ಆ ಕಲಮನ್ನು ತೆಗೆದುಹಾಕಿತು.

ಬಂಧುಗಳೇ, ಈ ಅಳತೆಗೋಲನ್ನು ನಮ್ಮ ನೋಟೀಸಿಗೆ ಹಚ್ಚಿ ನೋಡಿರಿ. ಸ್ವಚ್ಛತೆಯ ವೆಚ್ಚವೆಂದು ಎತ್ತಿದ ಹಣವು ಪೌರಕಾರ್ಮಿಕರ ಕೈಗೆ ಹೋಗುವದೋ, ಇಲ್ಲವೆ ಬೊಕ್ಕಸದ ಸಮುದ್ರದಲ್ಲಿ ಕರಗುವದೋ? ಒಂಬತ್ತು ದಿನಕ್ಕೆ ಎಷ್ಟು ಜನ ಕೆಲಸಗಾರರು, ಎಷ್ಟು ಗಾಡಿ, ಎಷ್ಟು ಯೂನಿಟ್ ವಿದ್ಯುತ್ತು? ಈ ಪ್ರಶ್ನೆಗಳಿಗೆ ಉತ್ತರವಿದ್ದರೆ ಅದು ಶುಲ್ಕವು. ಅದನ್ನು ನಾವು ಇಂದೇ ಕೊಡುವೆವು. ಉತ್ತರವಿಲ್ಲವಾದರೆ ಅದು ಶುಲ್ಕದ ವೇಷ ತೊಟ್ಟ ಕರವು. ಕಾಯದೆಯ ಅಧಿಕಾರವಿಲ್ಲದೆ ಯಾವ ಕರವನ್ನೂ ಹಾಕಲಾಗದೆಂದು ಸಂವಿಧಾನದ ೨೬೫ನೆಯ ಅನುಚ್ಛೇದವು ಸಾರುತ್ತದೆ. ವೇಷ ಕಟ್ಟುವದು ನಮ್ಮ ಸಂಘದ ಕಸಬು. ಪುರಸಭೆಗೆ ಅದು ಒಪ್ಪತಕ್ಕದ್ದಲ್ಲ.

ಇಷ್ಟು ಕೇಳಿದೊಡನೆ ನಮ್ಮಲ್ಲಿಯ ತರುಣರು, 'ಹಾಗಾದರೆ ನಾಳೆಯೇ ಕೋರ್ಟಿಗೆ ಹೋಗೋಣ' ಎನ್ನುವರು. ಅವರ ಉತ್ಸಾಹವನ್ನು ನಾವು ಮೆಚ್ಚುತ್ತೇವೆ. ಆದರೆ ಕೋರ್ಟಿನ ದಾರಿಯು ಅವರು ಎಣಿಸಿದಷ್ಟು ನೇರವಾದದ್ದಲ್ಲ. ಉಡುಪಿಯ ತೀರ್ಪಿನ ತರುವಾಯ ನ್ಯಾಯದ ಹೊಳೆಯು ಅನೇಕ ತಿರುವುಗಳನ್ನು ಕಂಡಿದೆ. ಕಲಕತ್ತೆಯ ಲಿಬರ್ಟಿ ಸಿನಿಮಾದ ಮೊಕದ್ದಮೆಯನ್ನು ನೋಡಿರಿ. ಆ ಚಿತ್ರಮಂದಿರದವರು ನಗರಪಾಲಿಕೆಗೆ ವರ್ಷಕ್ಕೆ ೪೦೦ ರೂಪಾಯಿ ಪರವಾನಿಗೆಯ ಶುಲ್ಕವನ್ನು ಕೊಡುತ್ತಿದ್ದರು. ೧೯೫೮ರಲ್ಲಿ ಪಾಲಿಕೆಯವರು ಆಸನಗಳ ಸಂಖ್ಯೆಯ ಮೇಲೆ ಆಟಕ್ಕಿಷ್ಟೆಂದು ಹೊಸ ದರವನ್ನು ಗೊತ್ತುಮಾಡಿದರು. ಆಟವೊಂದಕ್ಕೆ ೫ ರೂಪಾಯಿಯಂತೆ ಅದು ವರ್ಷಕ್ಕೆ ೬,೦೦೦ ರೂಪಾಯಿಗೆ ಏರಿತು. ಹದಿನೈದು ಪಟ್ಟು! ಚಿತ್ರಮಂದಿರದವರು ಕೋರ್ಟಿಗೆ ಹೋದರು. ಸರ್ವೋಚ್ಚ ನ್ಯಾಯಾಲಯದಲ್ಲಿ ಕೊನೆಗೆ ಆದದ್ದೇನು? ಇದಕ್ಕೆ ತಕ್ಕ ಸೇವೆಯಿಲ್ಲ, ಆದುದರಿಂದ ಇದು ಶುಲ್ಕವಲ್ಲ, ಕರವೇ ಸರಿ ಎಂದು ಹೆಚ್ಚು ಜನ ನ್ಯಾಯಮೂರ್ತಿಗಳು ಒಪ್ಪಿದರು. ಆದರೆ ಆ ಕರವನ್ನು ಹಾಕುವ ಅಧಿಕಾರವು ಕಲಕತ್ತೆಯ ಕಾಯದೆಯಲ್ಲಿಯೇ ಇದೆಯೆಂದು ಹೇಳಿ ಪಾಲಿಕೆಯನ್ನೇ ಗೆಲ್ಲಿಸಿದರು. ವಾದದಲ್ಲಿ ಗೆದ್ದು ವ್ಯಾಜ್ಯದಲ್ಲಿ ಸೋಲುವದೆಂದರೆ ಇದೇ.

ಮುಂದೆ ೧೯೮೩ರಲ್ಲಿ ಆಂಧ್ರದ ವ್ಯಾಪಾರಿಗಳ ಮೊಕದ್ದಮೆಯೊಂದರಲ್ಲಿ, ಶುಲ್ಕಕ್ಕೂ ಸೇವೆಗೂ ತಕ್ಕಡಿಯಲ್ಲಿ ತೂಗಿದಂಥ ಸಮತೆಯು ಬೇಕಿಲ್ಲ, ಸ್ಥೂಲವಾದ ಸಂಬಂಧವಿದ್ದರೆ ಸಾಕು ಎಂದು ಅದೇ ನ್ಯಾಯಾಲಯವು ಹೇಳಿತು. ೧೯೯೯ರಲ್ಲಿ ಹೈದರಾಬಾದಿನ ಹೋಟೆಲುಗಳ ಮೊಕದ್ದಮೆಯಲ್ಲಿ, ನಿಯಂತ್ರಣಕ್ಕಾಗಿ ತೆಗೆದುಕೊಳ್ಳುವ ಪರವಾನಿಗೆಯ ಶುಲ್ಕಕ್ಕೆ ಪ್ರತಿಸೇವೆಯನ್ನು ತೋರಿಸಲೇಬೇಕೆಂಬ ನಿಯಮವಿಲ್ಲವೆಂದೂ, ಆದರೆ ಅದು ಅತಿಯಾಗಿರಬಾರದೆಂದೂ ಮಾತು ಬಂದಿತು. ಆದುದರಿಂದ ಮೈದಾನದ ಸ್ವಚ್ಛತೆಯ ಬಾಬು ಬೇರೆ, ಪರವಾನಿಗೆಯ ಬಾಬು ಬೇರೆ. ಮೊದಲನೆಯದಕ್ಕೆ ನಾವು ಲೆಕ್ಕವನ್ನು ಕೇಳಬಹುದು, ಎರಡನೆಯದಕ್ಕೆ ಮಿತಿಯನ್ನು ಕೇಳಬಹುದು. ನಾಲ್ಕನ್ನೂ ಒಂದೇ ಚೀಲದಲ್ಲಿ ತುಂಬಿ ಬಾಯಿ ಕಟ್ಟಿದರೆ ಯಾವದನ್ನೂ ಪರೀಕ್ಷಿಸಲಾಗದು. ಬಾಬುವಾರು ಲೆಕ್ಕವನ್ನು ನಾವು ಇಷ್ಟು ಹಟದಿಂದ ಕೇಳುವದಕ್ಕೆ ಕಾರಣವು ಇದೇ.

ಇನ್ನೊಂದು ಭಯವನ್ನೂ ಹೇಳಬೇಕು. ಮೊತ್ತವು ಅಧಿಕಾರಿಯ ಮನಸ್ಸಿಗೆ ಬಂದಂತೆ ಗೊತ್ತಾಗುವದಾದರೆ, ಇಂದು ನಮಗೊಂದು ದರ, ನಾಳೆ ಅವರಿಗೆ ಪ್ರಿಯರಾದವರಿಗೊಂದು ದರವಾಗಲು ಎಷ್ಟು ಹೊತ್ತು? ಈ ಪ್ರಶ್ನೆಯು ಅಮೇರಿಕೆಯಲ್ಲಿಯೂ ಎದ್ದಿದ್ದಿತು. ೧೯೪೧ರಲ್ಲಿ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಮೆರವಣಿಗೆಯ ಮೊಕದ್ದಮೆಯಲ್ಲಿ, ವ್ಯವಸ್ಥೆಗೂ ಶಾಂತಿಪಾಲನೆಗೂ ತಗಲುವ ವೆಚ್ಚದ ಮಟ್ಟಿಗೆ ಶುಲ್ಕವನ್ನು ತೆಗೆದುಕೊಳ್ಳಬಹುದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಒಪ್ಪಿತು. ೧೯೯೨ರಲ್ಲಿ ಜಾರ್ಜಿಯಾದ ಫೋರ್ಸಿತ್ ಕೌಂಟಿಯ ಸ್ಥಳೀಯ ಸರಕಾರವು ದಿನಕ್ಕೆ ೧,೦೦೦ ಡಾಲರಿನ ವರೆಗೆ ಎಷ್ಟನ್ನಾದರೂ ಗೊತ್ತುಮಾಡುವ ಅಧಿಕಾರವನ್ನು ಒಬ್ಬ ಅಧಿಕಾರಿಗೆ ಕೊಟ್ಟಿದ್ದ ನಿಯಮವು ಅದೇ ನ್ಯಾಯಾಲಯದ ಮುಂದೆ ಬಂದಿತು. ಅಲ್ಲಿ ವಾದಿಗಳಿಗೆ ಹಾಕಿದ್ದು ಬರಿಯ ೧೦೦ ಡಾಲರು. ಆದರೂ ನ್ಯಾಯಾಲಯವು ಐದಕ್ಕೆ ನಾಲ್ಕರ ಬಹುಮತದಿಂದ ನಿಯಮವನ್ನೇ ರದ್ದುಗೊಳಿಸಿತು. ಮೊತ್ತವು ಸಣ್ಣದಿರಲಿ ದೊಡ್ಡದಿರಲಿ, ಗೊತ್ತಾದ ಅಳತೆಯಿಲ್ಲದೆ ಒಬ್ಬನ ಇಚ್ಛೆಗೆ ಬಿಟ್ಟದ್ದು ಸಲ್ಲದು. ಕೇಳುವವರಿಗೆ ಅಪ್ರಿಯವಾದ ಮಾತನ್ನಾಡುವವರು ಹೆಚ್ಚು ಹಣ ತೆರಬೇಕಾಗುವದು ಸಲ್ಲದು ಎಂಬದು ಅದರ ಕಾರಣವು. ಆ ವಾದಿಗಳ ಮತವು ನಮಗೆ ಒಂದಿಷ್ಟೂ ಒಪ್ಪತಕ್ಕದ್ದಲ್ಲ. ಆದರೂ ನ್ಯಾಯವೆಂಬದು ನಮಗೆ ಬೇಡಾದವರಿಗೂ ಸಲ್ಲುವದರಿಂದಲೇ ನ್ಯಾಯವೆನಿಸುತ್ತದೆ. ಪರದೇಶದ ತೀರ್ಪು ನಮ್ಮ ಪುರಸಭೆಯನ್ನು ಕಟ್ಟಿಹಾಕದು. ಆದರೆ ವಿಚಾರಕ್ಕೆ ಬೆಳಕನ್ನು ಕೊಡದಿರದು.

ನಮ್ಮ ದೇಶದಲ್ಲಂತೂ ಪರವಾನಿಗೆಯ ಹಿಂದೆ ಒಂದು ಕಹಿಯಾದ ಇತಿಹಾಸವಿದೆ. ಲಾರ್ಡ್ ಲಿಟ್ಟನ್ನನ ಕಾಲದಲ್ಲಿ, ೧೮೭೬ರಲ್ಲಿ, ಬ್ರಿಟಿಶರು ನಾಟಕ ಪ್ರಯೋಗಗಳ ಕಾಯದೆಯನ್ನು ಮಾಡಿದ್ದು ರಂಗಭೂಮಿಯ ಬಾಯಿಯನ್ನು ಮುಚ್ಚುವದಕ್ಕಾಗಿ. ಸ್ವಾತಂತ್ರ್ಯವು ಬಂದ ಮೇಲೂ ಆ ಕಾಯದೆಯು ಏಳು ದಶಕಗಳ ವರೆಗೆ ಪುಸ್ತಕದಲ್ಲಿ ಉಳಿದು, ೨೦೧೮ರಲ್ಲಿ ರದ್ದಾಯಿತು. ಅಂದು ಹುಕುಮಿನಿಂದ ಆಗುತ್ತಿದ್ದ ಕೆಲಸವು ಇಂದು ಶುಲ್ಕದಿಂದ ಆಗಬಾರದು. ನಾಟಕವನ್ನು ನಿಲ್ಲಿಸೆಂದು ಹೇಳುವದೂ, ನಾಟಕದವರಿಂದ ಕೊಡಲಾಗದಷ್ಟನ್ನು ಕೇಳುವದೂ ಕೊನೆಯಲ್ಲಿ ಒಂದೇ ಫಲವನ್ನು ಕೊಡುತ್ತವೆ. ರಂಗದ ಮೇಲೆ ದೀಪವು ಹತ್ತುವದಿಲ್ಲ.

ನಾಡಹಬ್ಬವೆಂದರೆ ನಮಗೇಕೆ ಇಷ್ಟು ಕಳಕಳಿ ಎಂದು ಕೆಲವರು ಕೇಳಬಹುದು. ಕನ್ನಡ ನಾಡು ಹರಿದು ಹಂಚಿಹೋಗಿದ್ದ ದಿನಗಳನ್ನು ನೆನೆಯಿರಿ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಇಲಾಖೆಯಲ್ಲಿ. ಮಂಗಳೂರು, ಬಳ್ಳಾರಿಗಳು ಮದ್ರಾಸಿನಲ್ಲಿ. ಬೀದರ, ಕಲಬುರ್ಗಿ, ರಾಯಚೂರುಗಳು ನಿಜಾಮನ ಕೈಯಲ್ಲಿ. ಕೊಡಗು ಬೇರೆ, ಮೈಸೂರು ಬೇರೆ. ಗಡಿಗಳನ್ನು ದಾಟಿ ಕನ್ನಡಿಗರನ್ನು ಒಂದುಗೂಡಿಸಿದವರಲ್ಲಿ ಗ್ರಂಥಕರ್ತರೂ ಮುಂದಾಳುಗಳೂ ಇದ್ದಂತೆ ಹಾಡುವವರೂ ಆಡುವವರೂ ಇದ್ದರು. ೧೯೨೪ರ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಹುಯಿಲಗೋಳ ನಾರಾಯಣರಾಯರ ಗೀತವು ಕೇಳಿಬಂದಾಗ ಏಕೀಕರಣದ ಮಾತು ಜನರ ಕಿವಿಯಿಂದ ಎದೆಗೆ ಇಳಿಯಿತು. ೧೯೩೬ರಲ್ಲಿ ಹಂಪಿಯಲ್ಲಿ ನಡೆದ ವಿಜಯನಗರದ ಆರುನೂರನೆಯ ವರ್ಷದ ಉತ್ಸವವು ಹಾಳುಬಿದ್ದ ಕಲ್ಲುಗಳ ನಡುವೆ ನಾಡನ್ನು ಎಬ್ಬಿಸಿತು. ನವರಾತ್ರಿಯ ನಾಡಹಬ್ಬವು ಊರೂರಿಗೆ ಹಬ್ಬಿದ್ದು ಇದೇ ಉದ್ದೇಶದಿಂದ. ವ್ಯಾಖ್ಯಾನ, ಕೀರ್ತನೆ, ನಾಟಕಗಳ ನೆವದಿಂದ ಕನ್ನಡಿಗರು ಒಂದು ಕಡೆ ಕೂಡಿ ಕುಳಿತು, ನಾವು ಒಂದು ಜನವೆಂಬದನ್ನು ಕಲಿತರು.

ಆ ಕಾಲದ ನಾಟಕದ ಕಂಪನಿಯು ಮೈಸೂರ ಸೀಮೆಯನ್ನು ಬಿಟ್ಟು ಹೊರಟರೆ, ಹುಬ್ಬಳ್ಳಿಯಲ್ಲಿ ಮುಂಬಯಿಯವರ ೧೯೨೩ರ ಮನರಂಜನೆಯ ಕರದ ಕಾಯದೆಯನ್ನೂ, ಮುಂದೆ ೧೯೩೯ರಿಂದೀಚೆಗೆ ಮಂಗಳೂರಿನಲ್ಲಿ ಮದ್ರಾಸಿನವರ ಬೇರೊಂದು ಕಾಯದೆಯನ್ನೂ ಎದುರಿಸಬೇಕಾಗುತ್ತಿದ್ದಿತು. ಭಾಷೆ ಒಂದೇ, ಪ್ರೇಕ್ಷಕರು ಒಂದೇ ಕುಲದವರು. ಕಾಯದೆಗಳು ಮಾತ್ರ ಬೇರೆ ಬೇರೆ. ೧೯೫೩ರ ಅಕ್ಟೋಬರ ೧ರಂದು ಬಳ್ಳಾರಿಯೂ, ೧೯೫೬ರ ನವೆಂಬರ ೧ರಂದು ಉಳಿದ ಭಾಗಗಳೂ ಮೈಸೂರಿನೊಡನೆ ಕೂಡಿ ಒಂದು ರಾಜ್ಯವಾದ ಮೇಲೆ, ೧೯೫೮ರಲ್ಲಿ ಇಡೀ ನಾಡಿಗೆ ಮನರಂಜನೆಯ ಕರದ ಒಂದೇ ಕಾಯದೆ ಆಯಿತು. ಏಕೀಕರಣದ ಫಲವು ರಂಗಭೂಮಿಗೂ ಮುಟ್ಟಿತೆಂದು ಹಿರಿಯರು ಸಂತೋಷಪಟ್ಟಿರಬೇಕು.

ಈಗ ಚಕ್ರವು ತಿರುಗಿದೆ. ೨೦೧೭ರ ಜುಲೈ ೧ರಂದು ಸರಕು-ಸೇವಾ ಕರವು ಬಂದಾಗ ರಾಜ್ಯಗಳ ಮನರಂಜನೆಯ ಕರವು ಅದರಲ್ಲಿ ಲೀನವಾಯಿತು. ಅದಕ್ಕೆ ಮೊದಲು ಆದ ೧೦೧ನೆಯ ತಿದ್ದುಪಡಿಯು ಮನರಂಜನೆಯ ಮೇಲೆ ಕರ ಹಾಕುವ ಅಧಿಕಾರವನ್ನು ಪಂಚಾಯತಿ, ಪುರಸಭೆಗಳಂಥ ಸ್ಥಳೀಯ ಸಂಸ್ಥೆಗಳು ಎತ್ತುವಷ್ಟರ ಮಟ್ಟಿಗೆ ಮಾತ್ರ ರಾಜ್ಯಪಟ್ಟಿಯಲ್ಲಿ ಉಳಿಸಿತು. ಆದರೆ ಪುರಸಭೆಯು ತಾನಾಗಿಯೇ ಕರವನ್ನು ಹುಟ್ಟಿಸಲಾರದು. ವಿಧಾನಮಂಡಲವು ಕಾಯದೆಯಿಂದ ಅಧಿಕಾರವನ್ನು ಕೊಟ್ಟಿರಬೇಕು, ಕೊಟ್ಟ ರೀತಿಯಲ್ಲಿಯೇ ಅದನ್ನು ಹಾಕಬೇಕು. ಕೇಂದ್ರದವರು ಆ ಹೊಸ ಕರವನ್ನು ಹೊರಡಿಸಿದಾಗಲೇ, ಜಾನಪದ ಇಲ್ಲವೆ ಶಾಸ್ತ್ರೀಯ ಸಂಗೀತ, ನೃತ್ಯ, ನಾಟಕಗಳ ಕಲಾವಿದನಿಗೆ ಒಂದು ಪ್ರಯೋಗಕ್ಕೆ ಒಂದೂವರೆ ಲಕ್ಷ ರೂಪಾಯಿಯ ವರೆಗಿನ ಸಂಭಾವನೆಗೆ ವಿನಾಯಿತಿಯನ್ನು ಕೊಟ್ಟರು. ದಿಲ್ಲಿಗೆ ತಿಳಿದ ಈ ಸೂಕ್ಷ್ಮವು ನಮ್ಮ ಮೈದಾನದ ಮಗ್ಗುಲಲ್ಲಿಯೇ ಇರುವ ಕಚೇರಿಗೆ ತಿಳಿಯದೆ ಹೋಗಬೇಕೆ?

ಪುರಸಭೆಯ ಅಧಿಕಾರವನ್ನು ಇಷ್ಟು ಹೇಳಿದ ಮೇಲೆ ಅದರ ಧರ್ಮವನ್ನೂ ಹೇಳಬೇಕು. ೧೯೯೩ರ ಜೂನ ೧ರಿಂದ ಜಾರಿಗೆ ಬಂದ ೭೪ನೆಯ ತಿದ್ದುಪಡಿಯು ಸಂವಿಧಾನಕ್ಕೆ ಹನ್ನೆರಡನೆಯ ಅನುಸೂಚಿಯನ್ನು ಸೇರಿಸಿತು. ಪುರಸಭೆಗಳಿಗೆ ಒಪ್ಪಿಸತಕ್ಕ ಹದಿನೆಂಟು ವಿಷಯಗಳು ಅದರಲ್ಲಿವೆ. ಹನ್ನೆರಡನೆಯದು ಉದ್ಯಾನ, ಆಟದ ಮೈದಾನಗಳ ಸೌಕರ್ಯವು. ಹದಿಮೂರನೆಯದು ಸಾಂಸ್ಕೃತಿಕ, ಶೈಕ್ಷಣಿಕ, ಸೌಂದರ್ಯ ವಿಷಯಗಳ ಪ್ರೋತ್ಸಾಹವು. ಹಳ್ಳಿಗಳ ಪಂಚಾಯತಿಗಳಿಗೆ ಹನ್ನೊಂದನೆಯ ಅನುಸೂಚಿಯ ಇಪ್ಪತ್ತೊಂದನೆಯ ಬಾಬಿನಲ್ಲಿ ಸಾಂಸ್ಕೃತಿಕ ಚಟುವಟಿಕೆಗಳನ್ನು ಹೇಳಿದೆ. ಗಟಾರವನ್ನು ತೆಗೆಸುವದು ಪುರಸಭೆಯ ಕೆಲಸವಾದಂತೆಯೇ ಕಲೆಗೆ ಆಸರೆಯಾಗುವದೂ ಅದರ ಕೆಲಸವೆಂದು ಇದರಿಂದ ತಿಳಿಯುವದು. ಅದರ ಕೆಲಸವನ್ನು ಊರ ಸಂಘವೊಂದು ತನ್ನ ಚಂದಾದಿಂದ ಮಾಡುತ್ತಿರುವಾಗ, ಆ ಸಂಘದಿಂದಲೇ ಲಾಭವನ್ನು ಎತ್ತಲು ಹೋಗುವದು ಬೇಲಿಯೇ ಎದ್ದು ಹೊಲವನ್ನು ಮೇಯ್ದಂತೆ ಆಗದೆ?

ಇದಕ್ಕೆ ಪುರಸಭೆಯ ಸದಸ್ಯರೊಬ್ಬರು ಆಡಿದ ಮಾತು ನಮ್ಮ ಕಿವಿಗೆ ಬಿದ್ದಿದೆ. 'ಒಂದು ಸಂಘಕ್ಕೆ ಬಿಟ್ಟುಕೊಟ್ಟರೆ ನಾಳೆ ವಸ್ತುಪ್ರದರ್ಶನದವನೂ ಜಾಯಂಟ್ ವ್ಹೀಲಿನವನೂ ಅದನ್ನೇ ಕೇಳುವರು' ಎಂಬದು ಆ ಮಾತು. ಮಾತು ಯೋಗ್ಯವಾದದ್ದು, ಉತ್ತರವೂ ಸುಲಭವಾದದ್ದು. ಟಿಕೇಟು ಹಚ್ಚಿ ಲಾಭಕ್ಕಾಗಿ ನಡೆಸುವ ಆಟವು ಒಂದು ವರ್ಗ, ಎಲ್ಲರಿಗೂ ಬಾಗಿಲು ತೆರೆದ ಉತ್ಸವವು ಇನ್ನೊಂದು ವರ್ಗ. ಎರಡಕ್ಕೂ ಎರಡು ದರಗಳನ್ನು ಬರೆದಿಡಲಿ. ನಾವು ಕೇಳುವದು ಬರೆದಿಟ್ಟ ನಿಯಮವನ್ನು. ಮುಖ ನೋಡಿ ಕೊಡುವ ರಿಯಾಯಿತಿಯು ನಮಗೆ ಬೇಡ. ಯಾಕಂದರೆ ಇಂದು ಮುಖ ನೋಡಿ ಕೊಟ್ಟವರು ನಾಳೆ ಮುಖ ನೋಡಿಯೇ ಕಸಿದುಕೊಳ್ಳುವರು. ಇದರಲ್ಲಿ ಹೆಚ್ಚಾಗಿ ನಲುಗುವವರು ದೊಡ್ಡ ಸಂಘಗಳವರೂ ಅಲ್ಲ. ನಮ್ಮಂಥವರು ಹೇಗಾದರೂ ಇನ್ನೆರಡು ಬೀದಿ ತಿರುಗಿ ಹಣ ಕೂಡಿಸಿಯೇವು. ವರ್ಷಕ್ಕೊಂದು ರಾತ್ರಿ ದೊಡ್ಡಾಟವನ್ನೋ ಶ್ರೀಕೃಷ್ಣ ಪಾರಿಜಾತವನ್ನೋ ಆಡುವ ಓಣಿಯ ಹುಡುಗರು, ಡೊಳ್ಳಿನ ಮೇಳದವರು, ಕರಡಿ ಮಜಲಿನವರು, ಭಜನೆಯವರು ಎಲ್ಲಿಂದ ತಂದಾರು? ಅವರು ಕಚೇರಿಯ ಮೆಟ್ಟಿಲನ್ನು ಹತ್ತಿ ವಾದಿಸಲೂ ಬಾರದವರು. ಒಂದು ವರ್ಷ ಆಡದೆ ಬಿಟ್ಟರೆ ಎರಡನೆಯ ವರ್ಷ ತಾಳಕ್ಕೆ ಹೆಜ್ಜೆ ಬೀಳುವದಿಲ್ಲ; ಮೂರನೆಯ ವರ್ಷ ಹಿಮ್ಮೇಳದ ಮುದುಕನು ಇರುವದಿಲ್ಲ. ಹೀಗೆ ಸದ್ದಿಲ್ಲದೆ ಕಲೆಗಳು ಸಾಯುತ್ತವೆ. ಸತ್ತದ್ದಕ್ಕೆ ಯಾವ ಕಚೇರಿಯಲ್ಲಿಯೂ ದಾಖಲೆ ಇರುವದಿಲ್ಲ.

ಹಾಗಾದರೆ ನಾವು ಮಾಡತಕ್ಕದ್ದೇನು? ನಮ್ಮ ಸಂಘದಲ್ಲಿಯೇ ಮೂರು ಅಭಿಪ್ರಾಯಗಳು ಬಂದಿವೆ. ಈ ವರ್ಷ ಹಬ್ಬವನ್ನು ನಿಲ್ಲಿಸಿ ಪುರಸಭೆಗೆ ನಾಚಿಕೆಯಾಗುವಂತೆ ಮಾಡೋಣವೆಂದು ಕೆಲವರು ಹೇಳುವರು. ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಂಡರೆ ನಷ್ಟವು ಮೂಗಿನವನಿಗೇ. ಹಬ್ಬವು ಪುರಸಭೆಯದಲ್ಲ, ಊರಿನದು. ಅದನ್ನು ಅಡವು ಇಡುವ ಅಧಿಕಾರವು ನಮಗಿಲ್ಲ. ಕೇಳಿದಷ್ಟನ್ನು ಕೊಟ್ಟು ಸುಮ್ಮನಿರೋಣವೆಂದು ಇನ್ನು ಕೆಲವರ ಮತವು. ಇಂದು ತಲೆಬಾಗಿದ ಮೊತ್ತವ��� ಮುಂದಿನ ವರ್ಷ ವಾಡಿಕೆಯೆನಿಸುವದೆಂಬದನ್ನು ಅವರು ಮರೆಯಬಾರದು. ಕೋರ್ಟಿನ ಮಾತನ್ನು ಆಗಲೇ ಆಡಿದೆವು. ಅದು ಕೊನೆಯ ಬಾಗಿಲು, ಮೊದಲನೆಯದಲ್ಲ. ಆದುದರಿಂದ ಕಾರ್ಯಕಾರಿ ಮಂಡಲವು ವಿಚಾರಿಸಿ ತಮ್ಮ ಮುಂದೆ ಇಡುವ ಸಲಹೆಗಳು ಇವು.

ಒಂದನೆಯದು, ಸ್ವಚ್ಛತೆ, ನೀರು, ದೀಪ ಇವುಗಳ ನಿಜವಾದ ವೆಚ್ಚವನ್ನು ಬಾಬುವಾರು ತಿಳಿಸಿದ ಕೂಡಲೆ ಸಂದಾಯ ಮಾಡುವದು. ಪೌರಕಾರ್ಮಿಕರ ಹೆಚ್ಚಿನ ಕೂಲಿಯು ಅವರಿಗೆ ಮುಟ್ಟಿತೆಂಬ ಭರವಸೆಯನ್ನು ಕೇಳುವದು.

ಎರಡನೆಯದು, ಉಳಿದ ತಕರಾರಿನ ಹಣವನ್ನು, ಹಬ್ಬವು ನಿಲ್ಲಬಾರದೆಂಬ ಒಂದೇ ಕಾರಣಕ್ಕಾಗಿ, ನಮ್ಮ ಹಕ್ಕನ್ನು ಕಾಯ್ದಿಟ್ಟುಕೊಂಡು, ಒಪ್ಪಿಗೆಯಿಲ್ಲವೆಂದು ಬರೆದುಕೊಟ್ಟು ತುಂಬುವದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಮೂರನೆಯದು, ೨೦೦೫ರ ಮಾಹಿತಿ ಹಕ್ಕಿನ ಕಾಯದೆಯಂತೆ ಅರ್ಜಿಯನ್ನು ಕೊಡುವದು. ಈ ದರವನ್ನು ಯಾವ ಸಭೆಯು ಯಾವ ಠರಾವಿನಿಂದ ಗೊತ್ತುಮಾಡಿತು, ಹಿಂದಿನ ವರ್ಷಗಳಲ್ಲಿ ಯಾರು ಯಾರಿಂದ ಎಷ್ಟು ಬಂದಿತು, ಅದು ಯಾವ ಲೆಕ್ಕಕ್ಕೆ ಜಮೆಯಾಯಿತು ಎಂಬದನ್ನು ಕೇಳಿದರೆ, ಮೂವತ್ತು ದಿನಗಳೊಳಗೆ ಉತ್ತರವನ್ನು ಕೊಡತಕ್ಕದ್ದು ಅವರ ಕರ್ತವ್ಯವು. ಅರ್ಜಿಯನ್ನು ಬರೆಯುವ ಕೆಲಸವನ್ನು ನಮ್ಮ ಶಿಕ್ಷಕ ಬಂಧುಗಳು ವಹಿಸಿಕೊಳ್ಳಬೇಕು. ಪ್ರಶ್ನೆಯನ್ನು ಸರಿಯಾಗಿ ಕೇಳುವ ವಿದ್ಯೆಯು ಅವರಿಗಿಂತ ಯಾರಿಗೆ ಹೆಚ್ಚು ಬಲ್ಲದು?

ನಾಲ್ಕನೆಯದು, ಪುರಸಭೆಯ ಸರ್ವಸಾಧಾರಣ ಸಭೆಯಲ್ಲಿ ಉತ್ಸವಗಳ ವಿಷಯವಾಗಿ ಒಂದು ಉಪವಿಧಿಯನ್ನು ಮಾಡಿಸುವದು. ಟಿಕೇಟಿನ ಆಟಕ್ಕೂ ಮುಕ್ತ ಉತ್ಸವಕ್ಕೂ ಬೇರೆ ದರ. ದಿನಗಳಿಗೂ ಜಾಗದ ಅಳತೆಗೂ ತಕ್ಕ ಲೆಕ್ಕ. ಠೇವಣಿಯನ್ನು ಮರಳಿಸುವದಕ್ಕೆ ಗೊತ್ತಾದ ಅವಧಿ. ದರದ ಪಟ್ಟಿಯನ್ನು ವರ್ಷದ ಆರಂಭದಲ್ಲಿಯೇ ಕಚೇರಿಯ ಬಾಗಿಲಿಗೆ ಕನ್ನಡದಲ್ಲಿ ಹಚ್ಚುವದು. ಇಷ್ಟಿದ್ದರೆ ತಕರಾರಿಗೆ ಎಡೆಯೇ ಇರದು.

ಐದನೆಯದು, ಮತ್ತು ನಮ್ಮ ಮತದಿಂದ ಎಲ್ಲಕ್ಕೂ ಮಿಗಿಲಾದದ್ದು: ನಾಡಿನ ಕಲಾಸಂಘಗಳೆಲ್ಲ ಕೂಡಿ, ಬೀದರದಿಂದ ಚಾಮರಾಜನಗರದ ವರೆಗೆ, ಕಾರವಾರದಿಂದ ಕೋಲಾರದ ವರೆಗೆ ಸಲ್ಲುವಂಥ ಒಂದು ಮಾದರಿಯ ಉಪವಿಧಿಯನ್ನು ರಾಜ್ಯ ಸರಕಾರದಿಂದ ಹೊರಡಿಸುವಂತೆ ಒತ್ತಾಯಿಸುವದು. ನಾಡು ನಕಾಶೆಯ ಮೇಲೆ ಒಂದಾಗಿ ಬಹಳ ವರ್ಷಗಳಾದವು. ಹಾಡುವವನು ಒಂದು ಪುರಸಭೆಯ ಗಡಿಯನ್ನು ದಾಟಿ ಇನ್ನೊಂದಕ್ಕೆ ಕಾಲಿಟ್ಟರೆ ಹಳೆಯ ಇಲಾಖೆಗಳ ಕಾಲದ ಅನುಭವವೇ ಮರಳುವದಾದರೆ, ಏಕೀಕರಣದ ಕೆಲಸವು ಅಷ್ಟರ ಮಟ್ಟಿಗೆ ಉಳಿದಿದೆಯೆಂದೇ ತಿಳಿಯಬೇಕು.

ಕೊನೆಯದಾಗಿ ಒಂದು ಮಾತು. ಹಿಂದಿನವರು ಹೋರಾಡಿದ್ದು ಪರರ ಸರಕಾರದೊಡನೆ. ನಮ್ಮ ಪುರಸಭೆಯಲ್ಲಿ ಕುಳಿತವರು ನಮ್ಮ ಮತದಿಂದ ಆರಿಸಿ ಹೋದ ನಮ್ಮ ಓಣಿಯವರೇ. ಹಬ್ಬದ ದಿನ ನಮ್ಮೊಡನೆ ಜಮಖಾನದ ಮೇಲೆ ಕುಳಿತು ನಾಟಕ ನೋಡುವವರೇ. ಆದುದರಿಂದ ಇದು ಮನೆಯೊಳಗಿನ ವ್ಯಾಜ್ಯವು. ಮನೆಯೊಳಗಿನ ವ್ಯಾಜ್ಯವನ್ನು ತೀರಿಸಲು ಎರಡೂ ಕಡೆಯವರು ವಹಿಗಳನ್ನು ತೆರೆದಿಟ್ಟರೆ ಸಾಕು. ನಮ್ಮ ಸಂಘದ ಜಮಾಖರ್ಚಿನ ವಹಿಯನ್ನು ಇಂದು ಈ ಮೇಜಿನ ಮೇಲೆ ಇಟ್ಟಿದ್ದೇವೆ. ಯಾರು ಬೇಕಾದರೂ ಬಂದು ಪುಟ ತಿರುವಿ ನೋಡಬಹುದು. ಪುರಸಭೆಯವರೂ ತಮ್ಮದನ್ನು ತಂದು ಇದರ ಮಗ್ಗುಲಲ್ಲಿ ಇಡಲೆಂದು ಈ ಸಭೆಯ ಮೂಲಕ ಅವರನ್ನು ಗೌರವದಿಂದ ಕರೆಯುತ್ತೇವೆ. ನಾಡಹಬ್ಬವಂತೂ ನಡೆದೇ ತೀರುವದು. ತಾವೆಲ್ಲರೂ ಮಕ್ಕಳುಮರಿಗಳೊಡನೆ ಬರಬೇಕು.

ಸಿರಿಗನ್ನಡಂ ಗೆಲ್ಗೆ.